ಪುಕ್ಕಟೆ ಕಾರ್ಡಿನ ಬೆಲೆ



‘ನಿಮಗೇನ್ರಪ್ಪಾ, ದವಾಖಾನಿ ಖರ್ಚೆಲ್ಲಾ ಫ್ರೀ ಐತಿ’ ಎಂಬುದು ಹೋಟ್ಲು ಕಟ್ಟೆಯ ಮೇಲೆ ಕುಂತವರು ನಮ್ಮ ಕೇರಿಯವರಿಗೆ ಆಡುವ ಮಾತು. ಆಗಲಿ, ಲೆಕ್ಕವನ್ನೇ ಹಾಕಿ ನೋಡೋಣ.

ಯಶಸ್ವಿನಿ 2003ರಲ್ಲಿ ಜಾರಿಗೆ ಬಂದಾಗ ತಲೆಗೆ ವರ್ಷಕ್ಕೆ 60 ರೂಪಾಯಿ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕಕ್ಕೆ ಸೇರಿಸಿದರು. 2022ರಲ್ಲಿ ಮತ್ತೆ ಬೇರೆಯಾಗಿ ತಂದರು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ. ಪರಿಶಿಷ್ಟರ ವಂತಿಗೆ ಸರ್ಕಾರವೇ ಕಟ್ಟುವುದೆಂದರು. ಕೇಳಾಕ ಚಂದ ಐತಿ. ಆದರೆ ಅದರ ಬಾಗಿಲು ಸಹಕಾರ ಸಂಘ. ಹೊಲ ಇದ್ದವನಿಗೆ ಬೆಳೆಸಾಲ, ಬೆಳೆಸಾಲ ಬೇಕಾದವನಿಗೆ ಸೊಸೈಟಿ. ಹೊಸಹಳ್ಳಿಯಲ್ಲಾಗಲಿ ಕೊಟ್ಟೂರಲ್ಲಾಗಲಿ, ಮಂದಿ ಹೊಲದಾಗ ಕಳೆ ಕೀಳುವ ಅವ್ವನನ್ನು ಸದಸ್ಯಳಾಗು ಬಾ ಎಂದು ಕರೆಯುವವರು ಯಾರು? ವಂತಿಗೆ ಮಾಫಿಯಾದರೂ ಹೊಸಲು ದಾಟಿದಂತಾಗಲಿಲ್ಲ.

ಇನ್ನು ಬಿಪಿಎಲ್ ಕಾರ್ಡಿನ ಆಯುಷ್ಮಾನ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ವಂತಿಗೆ ಇಲ್ಲ. ಆ ಹಣವೂ ದಾನವಲ್ಲ. ಸೋಪು, ಚಪ್ಪಲಿ ಕೊಳ್ಳುವಾಗ ನಾವೂ ತೆರಿಗೆ ಕಟ್ಟಿದ್ದೇವೆ. ಜೀವಕ್ಕೆ ಕುತ್ತು ಬಂದ ತುರ್ತು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ದವಾಖಾನೆಯ ಚೀಟಿ ಬೇಕು. ಚೀಟಿಗೆ ಒಂದು ದಿನ, ಪರೀಕ್ಷೆಗೆ ಒಂದು ದಿನ, ಡಾಕ್ಟರು ಇಲ್ಲದಿದ್ದರೆ ಮತ್ತೊಂದು ದಿನ.

ಆ ದಿನಗಳ ಬೆಲೆ ಯಾವ ಕಾರ್ಡಿನಲ್ಲೂ ಇಲ್ಲ. 2025-26ಕ್ಕೆ ಉದ್ಯೋಗಖಾತ್ರಿಯ ದಿನಗೂಲಿ 370 ರೂಪಾಯಿ ಎಂದು ಸರ್ಕಾರವೇ ಗೊತ್ತುಮಾಡಿತ್ತು. ಗಂಡ ಹತ್ತು ದಿನ ಬಳ್ಳಾರಿಯಲ್ಲಿ ಮಲಗಿದರೆ, ಹೆಂಡತಿ ಹತ್ತು ದಿನ ಪಕ್ಕದಲ್ಲಿ ಕೂತರೆ, ಇಪ್ಪತ್ತು ಕೂಲಿ ಹೋಯಿತು: 7,400 ರೂಪಾಯಿ. ಅದರ ಮೇಲೆ ಊಟ, ಗಂಡಸರ ಬಸ್ ಚಾರ್ಜು, ಮನೆಗೆ ಬಂದ ಮೇಲಿನ ಗುಳಿಗೆ. ಇದಕ್ಕೆ ಸಾಲ ಕೊಡುವವನು ಅದೇ ಹೊಲದ ಧಣಿ. ತೀರಿಸುವುದು ಮತ್ತೆ ಅವನ ಹೊಲದಲ್ಲೇ. ಆಪರೇಷನ್ ಪುಕ್ಕಟೆಯಾಯಿತು, ಆಳು ಅಡವಾದ.

ಕಾಯಿಲೆ ಬಿದ್ದವನ ಕೂಲಿ ಕೊಡಬೇಕೆನ್ನುವುದು ಹೊಸ ಮಾತಲ್ಲ. ಬಾಬಾಸಾಹೇಬರು ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗಲೇ, 1944ರಲ್ಲಿ, ಅದಾರ್ಕರ್ ವರದಿ ಬಂತು. ಅದರಿಂದ 1948ರ ಇಎಸ್‌ಐ ಕಾಯಿದೆ ಹುಟ್ಟಿತು. ಆ ವಿಮೆಯಲ್ಲಿರುವ ಕಾರ್ಮಿಕ ಮಲಗಿದರೆ ಚಿಕಿತ್ಸೆಯ ಜೊತೆಗೆ ಕೂಲಿಯ ನೂರಕ್ಕೆ 70 ಪಾಲು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಫ್ಯಾಕ್ಟರಿಯವನ ಜ್ವರಕ್ಕೆ ಕೂಲಿ ಉಂಟು, ಹೊಲದವನ ಜ್ವರಕ್ಕೆ ಯಾಕಿಲ್ಲ? ಜ್ವರ ಬ್ಯಾರೆ ಬ್ಯಾರೆ ಏನು?

ನಾವು ಕೇಳಬೇಕಾದ್ದು ಮೂರು. ಕೇರಿಗೆ ಬಂದು ಸಹಕಾರ ಸಂಘದ ಸದಸ್ಯತ್ವ ಕೊಡಲಿ, ಷೇರು ಹಣ ಸರ್ಕಾರ ತುಂಬಲಿ. ದವಾಖಾನೆಯಲ್ಲಿ ಮಲಗಿದ ಕೂಲಿಯವರಿಗೂ ಜೊತೆಗಿದ್ದವರಿಗೂ ದಿನಗೂಲಿ ಕಟ್ಟಿಕೊಡಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರೂ ಗುಳಿಗೆಯೂ ಇರಲಿ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಠರಾವಿಗೆ ಬರೆಸೋಣ. ಬರೆದದ್ದನ್ನು ಓದಿ ಹೇಳಿಸಿಕೊಂಡ ಮೇಲೆಯೇ ಹೆಬ್ಬೆಟ್ಟು ಒತ್ತೋಣ.

ಜೈಭೀಮ್.