ಪಂಪುಸೆಟ್ಟಿಗೆ ಹಗಲಿನ ಕರೆಂಟು ಕೇಳಿರಿ



ನಡುರಾತ್ರಿ ತ್ರೀ ಫೇಸ್ ಕರೆಂಟು ಬಂತೆಂದು ಟಾರ್ಚು ಹಿಡಿದು ಹೊಲಕ್ಕೆ ಹೋಗಿ ಹಾವು ತುಳಿದವರು ನಿಮ್ಮ ಹೋಬಳಿಯಲ್ಲೂ ಇದ್ದಾರು. ಊರೂರು ತಿರುಗುವ ನನ್ನನ್ನು ಎಲ್ಲರೂ ಕೇಳುವುದು ಒಂದೇ: "ಸಾರ್, ನಮಗೇ ಏಕೆ ರಾತ್ರಿ ಪಾಳಿ?"

ಹಿಂದೆ ಇದಕ್ಕೊಂದು ಕಾರಣವಿತ್ತು. ಹಗಲಿನ ವಿದ್ಯುತ್ತು ಕಾರ್ಖಾನೆ, ಕಚೇರಿಗಳಿಗೆ ಬೇಕಾಗಿತ್ತು. ರಾಯಚೂರಿನಂಥ ಕಲ್ಲಿದ್ದಲು ಸ್ಥಾವರವನ್ನು ರಾತ್ರಿ ಆರಿಸಿ ಬೆಳಗ್ಗೆ ಹೊತ್ತಿಸಲು ಅದೇನು ಸೌದೆ ಒಲೆಯಲ್ಲ. ತಣ್ಣಗಾದ ಬಾಯ್ಲರು ಮತ್ತೆ ಕಾಯಲು ಹಲವು ಗಂಟೆ ಬೇಕು. ಹಾಗಾಗಿ ರಾತ್ರಿ ಮಿಕ್ಕಿದ್ದು ನಮ್ಮ ಪಾಲಿಗೆ ಬಂತು.

ಈಗ ಲೆಕ್ಕ ತಿರುಗಿದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಪಾವಗಡದ ಸೌರ ಪಾರ್ಕಿನದು 2,050. ಆದರೆ ಹೊತ್ತು ಇಳಿದೊಡನೆ ಬಿಸಿಲಿನ ವಿದ್ಯುತ್ತು ನಿಲ್ಲುತ್ತದೆ, ಆಗಲೇ ಮನೆಮನೆಯ ದೀಪ ಹೊತ್ತುತ್ತವೆ. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಮರುದಿನವನ್ನು 15 ನಿಮಿಷದ 96 ಭಾಗಗಳಾಗಿ ಮಾಡಿ, ಯಾವ ಭಾಗಕ್ಕೆ ಬಿಸಿಲು, ಯಾವುದಕ್ಕೆ ಗಾಳಿ, ಕಲ್ಲಿದ್ದಲು, ನೀರು ಎಂದು ಹೊಂದಿಸುತ್ತಾರೆ. ಇವುಗಳಲ್ಲಿ ಲಿಂಗನಮಕ್ಕಿಯ ನೀರು ಬಣವೆಯ ಹುಲ್ಲಿದ್ದಂತೆ. ಬೇಕೆಂದಾಗ ಕೆಲವೇ ನಿಮಿಷದಲ್ಲಿ ವಿದ್ಯುತ್ತು ಕೊಡುತ್ತದೆ, ಬೇಡವೆಂದರೆ ಅಣೆಕಟ್ಟಿನಲ್ಲೇ ಉಳಿಯುತ್ತದೆ. ಅದನ್ನು ಬೇಸಗೆಯ ಸಂಜೆಗೆ ಉಳಿಸಬೇಕಾದರೆ, ಹಗಲಿಗೆ ಸರಿಸಬಹುದಾದ ಕೆಲಸವನ್ನೆಲ್ಲ ಹಗಲಿಗೇ ಸರಿಸಬೇಕು.

ಅಂಥ ಕೆಲಸಗಳಲ್ಲಿ ಮೊದಲನೆಯದು ಪಂಪುಸೆಟ್ಟು. ದೀಪವನ್ನು ಹಗಲು ಉರಿಸಿ ಇರುಳಿಗೆ ಇಟ್ಟುಕೊಳ್ಳಲಾಗದು. ನೀರನ್ನು ಎತ್ತಿ ಇಟ್ಟುಕೊಳ್ಳಬಹುದು. ಮಧ್ಯಾಹ್ನ ಹಾಯಿಸಿದ ನೀರು ಬಿಸಿಲಿಗೆ ಆರಿಹೋಗುತ್ತದೆ ಎನ್ನುವಿರಿ, ನಿಜ. ಅದನ್ನು ತೊಟ್ಟಿಗೋ ಕೃಷಿ ಹೊಂಡಕ್ಕೋ ತುಂಬಿಕೊಂಡರೆ, ಹೊಲದ ಮೇಲ್ಭಾಗದಲ್ಲಿ ಜಾಗವಿದ್ದವರು ಮುಂಜಾನೆ ತಂಪಿನಲ್ಲಿ ಕರೆಂಟಿಲ್ಲದೆಯೇ ಹಾಯಿಸಬಹುದು.

ನಮ್ಮ ತಪ್ಪನ್ನೂ ಹೇಳಬೇಕು. ಆಟೋ ಸ್ಟಾರ್ಟರ್ ಹಾಕಿ ಮಲಗುತ್ತೇವೆ. ಕರೆಂಟು ಬಂದ ಕ್ಷಣ ಇಡೀ ಫೀಡರಿನ ಮೋಟಾರುಗಳು ಒಟ್ಟಿಗೆ ಎದ್ದು ವೋಲ್ಟೇಜು ಕುಸಿಯುತ್ತದೆ, ಟಿ.ಸಿ. ಸುಡುತ್ತದೆ, ತುಂಬಿದ ಮಡಿಗೆ ಮತ್ತೆ ನೀರು ಹರಿಯುತ್ತದೆ. ಇದನ್ನು ನಾನು ಒಂದು ಸಭೆಯಲ್ಲಿ ಆಡಿದಾಗ ಹಿರಿಯರೊಬ್ಬರು, "ಹೊತ್ತು ನೀವು ಹೇಳಿ ಸ್ವಾಮಿ, ಆಟೋ ನಾವು ತೆಗೀತೀವಿ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. 96 ಭಾಗ ಮಾಡಿ ಲೆಕ್ಕ ಹಾಕುವವರಿಗೆ ನಮ್ಮ ಫೀಡರಿನ ವೇಳೆಯನ್ನು ವಾರಕ್ಕೊಮ್ಮೆ ಪಂಚಾಯಿತಿ ಹಲಗೆಯ ಮೇಲೆ ಬರೆಸುವುದು ಕಷ್ಟವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕುಸುಮ್ ಯೋಜನೆಯಲ್ಲಿ ಪಂಪುಸೆಟ್ಟುಗಳಿಗೆಂದೇ ಉಪಕೇಂದ್ರಗಳ ಸಮೀಪ ಸೌರ ಘಟಕಗಳನ್ನು ಕಟ್ಟಲಾಗುತ್ತಿದೆ. ನಿಮ್ಮ ಫೀಡರು ಅದರಲ್ಲಿ ಸೇರಿದೆಯೇ ಎಂದು ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿರಿ. ಸೇರಿಲ್ಲವಾದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿರಿ.