ಧರೆ ಕುಸಿದರೂ ಕಂತು ನಿಲ್ಲುವುದಿಲ್ಲವೇಕೆ?

ರಾಜ್ಯಪಾಲರು ಒಮ್ಮೆ ವಾಪಸು ಕಳಿಸಿ, ಕೊನೆಗೆ 2025ರ ಫೆಬ್ರವರಿ 12ರಂದು ಜಾರಿಗೆ ಬಂದ ಮೈಕ್ರೋ ಫೈನಾನ್ಸ್ ಸುಗ್ರೀವಾಜ್ಞೆಯ ಬಗ್ಗೆ ನಡೆದ ವಾದವೆಲ್ಲ ವಸೂಲಿಯ ಸುತ್ತಲೇ ಸುತ್ತಿತು. ಮನೆ ಬಾಗಿಲಲ್ಲಿ ನಿಂತು ಕಿರುಕುಳ ಕೊಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಹೆಚ್ಚಾಯಿತೋ, ಸರಿಯಾಯಿತೋ ಎಂಬುದೇ ಚರ್ಚೆ. ಶಿಕ್ಷೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಲೆನಾಡಿನ ಸಣ್ಣ ವ್ಯಾಪಾರಸ್ಥರನ್ನು ಮುಗಿಸುತ್ತಿರುವುದು ಗುಡ್ಡ ಕುಸಿದ ವಾರವೂ ತಪ್ಪದ ಕಂತು. ಅದನ್ನು ಈ ಕಾನೂನು ಮುಟ್ಟಲೇ ಇಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳನ್ನು ಅದು ಹೊರಗೇ ಇಟ್ಟಿದೆ.

ಸಿದ್ದಾಪುರ ತಾಲೂಕಿನ ತ್ಯಾಗಲಿಯಂಥ ಊರಿನಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಮನೆಯ ಲೆಕ್ಕವನ್ನೇ ನೋಡಿ. ತೋಟದಲ್ಲಿ ಹಾಳೆ ಉದುರುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಆರಿಸಿ, ಕೊಂಡು ತಂದು, ಒಣಗಿಸಿ, ಕಟ್ಟು ಕಟ್ಟಿ ಮಳೆಗೆ ಮೊದಲೇ ಕೊಟ್ಟಿಗೆಯ ಅಟ್ಟಕ್ಕೆ ಏರಿಸಬೇಕು. ವರ್ಷವಿಡೀ ಯಂತ್ರಕ್ಕೆ ಹಾಕುವ ಸರಕು ಅಷ್ಟೇ; ಸಾಲದ ಹಣವೆಲ್ಲ ಆ ಅಟ್ಟದ ಮೇಲೇ ಇರುತ್ತದೆ. ಜುಲೈ ಮಳೆಗೆ ಮಾಡು ಹಾರಿತೋ, ಹಿಂದಿನ ಧರೆ ಜರಿದು ಕೊಟ್ಟಿಗೆಯ ಮೇಲೆ ಬಂತೋ, ಹಾಳೆಗೆ ನೀರು ತಾಗಿ ಬೂಸ್ಟು ಹಿಡಿಯುತ್ತದೆ. ಕಪ್ಪು ಕಲೆ ಬಿದ್ದ ಹಾಳೆಯ ತಟ್ಟೆಯನ್ನು ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ಯಂತ್ರ ಉಳಿದರೂ ಮುಂದಿನ ಬೇಸಿಗೆಯವರೆಗೆ ಅದಕ್ಕೆ ಕೆಲಸವಿಲ್ಲ. ಮೈಕ್ರೋ ಫೈನಾನ್ಸ್ ಸಂಘದ ಕಂತು ಮಾತ್ರ ಬರುವ ವಾರವೇ ಬರುತ್ತದೆ. ಅದನ್ನು ಕಟ್ಟಲು ಇನ್ನೊಂದು ಸಂಸ್ಥೆಯಲ್ಲಿ ಸಾಲ, ಅದನ್ನು ತೀರಿಸಲು ಮೂರನೆಯದು. ಹಪ್ಪಳ, ಉಪ್ಪಿನಕಾಯಿ ಮಾಡುವ ಹೆಂಗಸರದ್ದೂ, ಕರೆಂಟಿಲ್ಲದೆ ಗಿರಣಿ ನಿಲ್ಲಿಸಿ ಕೂತವರದ್ದೂ ಇದೇ ಕಥೆ.

ಅದೇ ಊರಿನ ಅಡಿಕೆ ಬೆಳೆಗಾರರಿಗೂ ಕಷ್ಟವಿದೆ. ಕೊಳೆರೋಗ ಬಂದ ವರ್ಷ ಏನಾಗುತ್ತದೆಂದು ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಆದರೂ ಅವರಿಗೆ ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಸಾಲ ಉಂಟು, ಬೆಳೆ ವಿಮೆ ಉಂಟು, ಹೆಕ್ಟೇರ್ ಲೆಕ್ಕದ ಪರಿಹಾರವೂ ಉಂಟು. ಕೈಮಗ್ಗ, ಕರಕುಶಲದವರಿಗೆ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಉಪಕರಣಕ್ಕೆ 5 ಸಾವಿರ, ಕಚ್ಚಾ ಸರಕಿಗೆ 5 ಸಾವಿರ ಎಂದಾದರೂ ಬರೆದಿದೆ. ಚಹಾ ಅಂಗಡಿ, ಹಿಟ್ಟಿನ ಗಿರಣಿಗಳಿಗೆ ಆ ಪಟ್ಟಿಯಲ್ಲಿ ಹೆಸರೇ ಇಲ್ಲ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ ಕುಸಿದಾಗ, ಅರಬೈಲು ಘಟ್ಟ ಮುಚ್ಚಿದಾಗ ಮುಖ್ಯಮಂತ್ರಿಯೇ ಬಂದು ನೋಡಿ ಹೋದರು. ಮನೆ, ತೋಟ, ಸೇತುವೆಯ ಮಾತು ಬಂತು. ರಸ್ತೆ ಸತ್ತರೆ ಅಂಗಡಿಯೂ ಸಾಯುತ್ತದೆ ಎಂಬ ಮಾತು ಬರಲಿಲ್ಲ.

ನಿಯಮವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಕೋಪದ ಕಾಲದ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಕೊಟ್ಟ ನಿರ್ದೇಶನದಲ್ಲಿ ಗ್ರಾಮೀಣ ಕುಶಲಕರ್ಮಿಗಳು, ವ್ಯಾಪಾರಿಗಳು, ಸಣ್ಣ ಘಟಕಗಳ ಸಾಲದ ಅವಧಿಯನ್ನೂ ಮುಂದೂಡಬಹುದು ಎಂದಿತ್ತು. ಇಂಥ ಕ್ರಮಗಳನ್ನು ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ 2016ರಲ್ಲೇ ವಿಸ್ತರಿಸಲಾಗಿತ್ತು. ತೊಡಕು ಒಂದೇ: ಅದು ತಾನಾಗಿ ಜಾರಿಯಾಗುವುದಿಲ್ಲ. ಬ್ಯಾಂಕರ್‌ಗಳ ಜಿಲ್ಲಾ ಅಥವಾ ರಾಜ್ಯ ಸಮಿತಿ ಸಭೆ ಸೇರಿ, ಹಾನಿ ಅಷ್ಟು ದೊಡ್ಡದು ಎಂದು ತೀರ್ಮಾನಿಸಬೇಕು. ನಾಲ್ಕು ಹಳ್ಳಿಯ ಹತ್ತು ಅಂಗಡಿ ಹೋದರೆ ಯಾವ ಸಮಿತಿಯ ಕಣ್ಣಿಗೂ ಅದು ದೊಡ್ಡದಾಗಿ ಕಾಣುವುದಿಲ್ಲ. ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದೆಂದು 2022ರ ಮೈಕ್ರೋ ಫೈನಾನ್ಸ್ ನಿಯಮ ಹೇಳುತ್ತದೆ. ಆದರೆ ಆದಾಯ ಅಳೆಯುವುದು ಸಾಲ ಕೊಡುವ ದಿನ. ಧರೆ ಕುಸಿದ ಮರುದಿನ ಯಾರೂ ಅಳೆಯುವುದಿಲ್ಲ.

ಇನ್ನೊಂದು ಬಾಗಿಲಿತ್ತು, ಅದನ್ನೂ ಮುಚ್ಚಿದರು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 13ನೇ ಕಲಂ ಪ್ರಕಾರ ಭಾರಿ ದುರಂತವಾದಾಗ ಸಾಲ ಮರುಪಾವತಿಯಲ್ಲಿ ವಿನಾಯಿತಿಗೆ, ರಿಯಾಯಿತಿಯ ಹೊಸ ಸಾಲಕ್ಕೆ ರಾಷ್ಟ್ರೀಯ ಪ್ರಾಧಿಕಾರ ಶಿಫಾರಸು ಮಾಡಬಹುದಿತ್ತು. 2025ರ ತಿದ್ದುಪಡಿಯಲ್ಲಿ ಆ ಕಲಮನ್ನೇ ತೆಗೆದುಹಾಕಲಾಗಿದೆ. ವಯನಾಡಿನ ಭೂಕುಸಿತ ಸಂತ್ರಸ್ತರ ಸಾಲದ ಪ್ರಶ್ನೆ ಕೇರಳ ಹೈಕೋರ್ಟಿಗೆ ಬಂದಾಗ ಕೇಂದ್ರ ಸರ್ಕಾರ ಕೊಟ್ಟ ಉತ್ತರ ಇದೇ. ನಮ್ಮ ಸಂಸದರು ಇದನ್ನು ಪ್ರಶ್ನಿಸಬೇಕು.

ಹಾಗಾದರೆ ಎಲ್ಲ ಸಾಲವನ್ನೂ ಮನ್ನಾ ಮಾಡಿ ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಮನ್ನಾದ ಮರುವರ್ಷ ಹೊಸ ಸಾಲ ಹುಟ್ಟುವುದಿಲ್ಲ. ಹಾಳೆ ಕೊಳ್ಳಲು ಹಣ ಬೇಕಾದವರು ಮೀಟರ್ ಬಡ್ಡಿಯವರ ಬಾಗಿಲಿಗೇ ಹೋಗುತ್ತಾರೆ. ಸಂಸ್ಥೆಗಳನ್ನು ಮುಚ್ಚಿಸಿದರೂ ಆಗುವುದು ಅದೇ. ಸಾಲ ಬೇಕು, ಅದು ದುಡಿಮೆಯ ಋತುವಿಗೆ ಹೊಂದಬೇಕು. ಮನ್ನಾದ ಬದಲು ಸಾಲವನ್ನೇ ಹಗುರ ಮಾಡಿ ಕೊಡಬಹುದೆಂದು 2018ರ ಪ್ರವಾಹದ ನಂತರ ಕೇರಳ ಮಾಡಿ ತೋರಿಸಿತು. ಕುಟುಂಬಶ್ರೀ ಗುಂಪುಗಳ ಮಹಿಳೆಯರಿಗೆ ಬ್ಯಾಂಕುಗಳಿಂದ 1 ಲಕ್ಷದವರೆಗೆ ಸಾಲ ಕೊಡಿಸಿ, ಬಡ್ಡಿಯನ್ನು ಸರ್ಕಾರವೇ ಹೊತ್ತಿತು. ಅದೇ ರಾಜ್ಯದಲ್ಲಿ 2024ರ ವಯನಾಡು ಭೂಕುಸಿತದ ಬಳಿಕ ಸಂತ್ರಸ್ತರ ಖಾತೆಗೆ ಬಂದ ತುರ್ತು ಪರಿಹಾರದಿಂದಲೇ ಒಂದು ಬ್ಯಾಂಕು ಕಂತು ಮುರಿದುಕೊಂಡು, ಜನ ಬೀದಿಗಿಳಿದ ಮೇಲೆ ವಾಪಸು ಕೊಟ್ಟಿತು. ಎರಡೂ ನಮಗೆ ಪಾಠವೇ.

ಶಿರಸಿ, ಸಿದ್ದಾಪುರ, ಯಲ್ಲಾಪುರ, ನಮ್ಮ ಈ ಮೂರು ತಾಲೂಕುಗಳಿಗೆ ಬೇಕಾದ್ದೆಲ್ಲ ಇಲ್ಲೇ ಇದೆ. ನೂರು ವರ್ಷ ದಾಟಿದ ಜಿಲ್ಲೆಯ ಸಹಕಾರಿ ಬ್ಯಾಂಕ್ ಕೆಡಿಸಿಸಿ ಶಿರಸಿಯಲ್ಲಿದೆ, ಹಳ್ಳಿಗಳಲ್ಲಿ ಸೇವಾ ಸಹಕಾರಿ ಸಂಘಗಳಿವೆ, ಸಂಜೀವಿನಿ ಒಕ್ಕೂಟಗಳಿವೆ. ಯಾರ ಕೊಟ್ಟಿಗೆ ಬಿತ್ತು, ಯಾರದ್ದು ಬೀಳಲಿಲ್ಲ ಎಂದು ಸೊಸೈಟಿಯ ಕಾರ್ಯದರ್ಶಿಗೆ ಗೊತ್ತಿರುವಷ್ಟು ಹೊರಗಿನ ಕಂಪನಿಗೆ ಗೊತ್ತಿರುವುದಿಲ್ಲ. ಬೆಳೆ ಸಾಲದ ಬಡ್ಡಿ ಹೊರುವ ಸರ್ಕಾರ ಹಾಳೆ ತಟ್ಟೆಯವರ 1 ಲಕ್ಷದ ಬಡ್ಡಿಯನ್ನೂ ಹೊರಲಿ. ಮೊದಲ ಕಂತು ಮುಂದಿನ ಬೇಸಿಗೆ ಕಳೆದ ಮೇಲೆ ಬರಲಿ. ತಹಶೀಲ್ದಾರರು ಹಾನಿಯೆಂದು ದಾಖಲಿಸಿದ ಅಂಗಡಿಗೆ ಹಳೆಯ ಸಾಲದ ಕಂತು ಆ ದಿನದಿಂದಲೇ ನಿಲ್ಲುವಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಬ್ಯಾಂಕರ್‌ಗಳ ಸಮಿತಿ ಮೊದಲೇ ಠರಾವು ಮಾಡಿಡಲಿ. ಮಳೆ ಬಂದ ಮೇಲೆ ಸಭೆ ಕರೆದರೆ ತಡವಾಗುತ್ತದೆ, ಮೇ ತಿಂಗಳೊಳಗೇ ಆಗಬೇಕು. ಸೊಸೈಟಿಯ ಸದಸ್ಯರಾಗಿರುವ ಓದುಗರು ಈ ವರ್ಷದ ಮಹಾಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿ.