ಸುಣ್ಣದೊಳಗೆ ಅಡಗಿದ ಬೆಂಕಿ

ಮಳೆಗಾಲಕ್ಕೆ ಮುನ್ನ ಬೈಂದೂರು, ಕುಂದಾಪುರ, ಬ್ರಹ್ಮಾವರ ಕಡೆಯ ಅಡಕೆ ತೋಟಗಳಲ್ಲಿ ಕೊಳೆರೋಗದ ಮದ್ದು ಸಿದ್ಧವಾಗುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದೇ ಶೇಕಡಾ 1ರ ಬೋರ್ಡೋ ದ್ರಾವಣ. ಅದಕ್ಕಾಗಿ ಸುಟ್ಟ ಸುಣ್ಣವನ್ನು ನೀರಿಗೆ ಹಾಕಿದೊಡನೆ ಬುಸುಗುಟ್ಟಿ ಹಬೆಯೇಳುವುದನ್ನು ಕಂಡ ಮಕ್ಕಳು, "ಒಲೆಯಿಲ್ಲದೆ ನೀರು ಕುದಿಯುವುದು ಹೇಗೆ?" ಎಂದು ಕೇಳುವುದುಂಟು.

ಆ ಬೆಂಕಿ ಗೂಡಿನಿಂದ ಬಂದದ್ದು. ನಮ್ಮ ಕರಾವಳಿಯಲ್ಲಿ ಅಳಿವೆಯ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವ ಕಸುಬು ಹಳೆಯದು. ಚಿಪ್ಪು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ 100 ಗ್ರಾಮಿನಿಂದ 44 ಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಈ ಬದಲಾವಣೆಗಾಗಿ ಚಿಪ್ಪು ಸುಮಾರು 178 ಕಿಲೋಜೂಲ್ ಶಾಖವನ್ನು ಹೀರುತ್ತದೆ. ಇದು ಅಂತರುಷ್ಣಕ ಕ್ರಿಯೆ.

ಹೀರಿದ ಸಾಲವನ್ನು ಸುಣ್ಣ ಎರಡು ಕಂತುಗಳಲ್ಲಿ ತೀರಿಸುತ್ತದೆ. ನೀರು ಸೋಕಿದಾಗ 65 ಕಿಲೋಜೂಲ್ ಒಮ್ಮೆಲೇ ಹೊರಬರುತ್ತದೆ. ಇದು ಬಹಿರುಷ್ಣಕ ಕ್ರಿಯೆ. ಒಂದು ಕಿಲೋ ಶುದ್ಧ ಸುಟ್ಟ ಸುಣ್ಣದ ಈ ಶಾಖ ಮೂರು ಲೀಟರ್‌ಗೂ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಉಳಿದ 113 ಕಿಲೋಜೂಲ್, ಗೋಡೆಗೆ ಬಳಿದ ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಮರಳಿ ಪಡೆದು ಗಟ್ಟಿಯಾಗುವಾಗ, ಯಾರಿಗೂ ತಿಳಿಯದಂತೆ ಮೆಲ್ಲಮೆಲ್ಲನೆ ಹೊರಡುತ್ತದೆ. ಲೆಕ್ಕ ಸರಿಹೋಯಿತು: 65 ಮತ್ತು 113 ಕೂಡಿದರೆ 178. ಶಕ್ತಿ ನಾಶವಾಗಲಿಲ್ಲ, ಹೊಸದಾಗಿ ಹುಟ್ಟಲೂ ಇಲ್ಲ.

ಈ ಮೊದಲ ಕಂತೇ ಅಪಾಯಕಾರಿ. ಸುಣ್ಣದ ರಾಶಿಯ ಮೇಲೆ ಸ್ವಲ್ಪ ನೀರು ಸುರಿದರೆ ಅದು ಅಲ್ಲಿಯೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಆದುದರಿಂದ ಧಾರಾಳ ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ತೆಳು ಪ್ಲಾಸ್ಟಿಕ್ ಪಾತ್ರೆಯಾಗಲಿ, ಮುಚ್ಚಿದ ಬಾಟಲಿಯಾಗಲಿ ಸಲ್ಲದು. ಸುಣ್ಣದ ತಿಳಿ ತಣಿದ ಮೇಲೆಯೇ ಮೈಲುತುತ್ತದ ದ್ರಾವಣವನ್ನು ಅದಕ್ಕೆ ಬೆರೆಸಬೇಕು.

ಸುಣ್ಣ ಕಣ್ಣಿಗೆ ಬಿದ್ದರೆ ಬಿಸಿಯೊಂದಿಗೆ ಕ್ಷಾರವೂ ಸುಡುತ್ತದೆ, ದೃಷ್ಟಿಯೇ ಹೋಗಬಹುದು. ಉಜ್ಜಬೇಡಿ. ಸುಣ್ಣಕ್ಕೆ ಹುಳಿ ಮದ್ದೆಂದು ನಿಂಬೆರಸ ಹಾಕಲೇಬೇಡಿ. ಆಮ್ಲ ಕ್ಷಾರಗಳು ಕೂಡಿದಾಗಲೂ ಶಾಖವೇ ಹುಟ್ಟುತ್ತದೆ. ಮುಖದ ಮೇಲಿನ ಒಣ ಪುಡಿಯನ್ನು ಕೊಡವಿ, ಕಣ್ಣನ್ನು ತಡಮಾಡದೆ ಧಾರಾಳ ಶುದ್ಧ ನೀರಿನಿಂದ ಅರ್ಧ ಗಂಟೆಯವರೆಗೆ ತೊಳೆದು, ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ಮಕ್ಕಳ ಪ್ರಶ್ನೆಗೆ ಉತ್ತರ ಹೇಳೋಣ. ಆದರೆ ಸುಣ್ಣ ಅರಳುವಾಗ ಅವರನ್ನು ದೂರ ನಿಲ್ಲಿಸಿಯೇ ಹೇಳೋಣ.